ತೋಟದ ಉಸ್ತುವಾರಿ: ಅಧಿಕಾರ ಎಷ್ಟು, ಹೊಣೆ ಎಷ್ಟು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಾಲೀಕರು ಬೆಂಗಳೂರಿನಲ್ಲಿದ್ದು, ಅಡಿಕೆ ತೋಟವನ್ನು ರೈಟರೊಬ್ಬರು, ಅಂದರೆ ಉಸ್ತುವಾರಿ, ನೋಡಿಕೊಳ್ಳುವುದು ಮಾಮೂಲು. ನೇಮಕ ಬಾಯಿಮಾತಿನದ್ದಾದರೂ ಕಾನೂನಿಗೆ ಸಲ್ಲುತ್ತದೆ. ಆದರೆ ತಕರಾರು ಎದ್ದಾಗ ಕೈಯಲ್ಲಿ ಕಾಗದವಿಲ್ಲದ ಉಸ್ತುವಾರಿಯೇ ಸಿಕ್ಕಿಬೀಳುವುದು.

ನೀವು ಉಸ್ತುವಾರಿಯಾಗಿದ್ದರೆ ಮೊದಲು ಮಾಲೀಕರಿಂದ ಅಧಿಕಾರ ಪತ್ರ ಬರೆಸಿಕೊಳ್ಳಿ. ಸರ್ವೆ ನಂಬರ್, ನೀವು ಮಾಡಿಸಬೇಕಾದ ಕೆಲಸ, ಕೇಳದೆ ಖರ್ಚು ಮಾಡಬಹುದಾದ ಮೊತ್ತ ಅದರಲ್ಲಿರಲಿ. ವಹಿಸಿದ ಕೆಲಸಕ್ಕೆ ಬೇಕಾದ ಸಣ್ಣಪುಟ್ಟದ್ದನ್ನು ಮಾಡಲು 1872ರ ಕರಾರು ಕಾಯ್ದೆಯ 188ನೇ ಕಲಮೇ ಸಾಕು. ಫಸಲನ್ನು ಚೇಣಿಗೆ (ಮರದಲ್ಲಿರುವಾಗಲೇ ಗುತ್ತಿಗೆಗೆ) ಕೊಡುವುದು, ತೋಟ ಅಡ ಇಡುವುದು ಅದರೊಳಗೆ ಬರುವುದಿಲ್ಲ. ಅವಕ್ಕೆ ಸ್ಪಷ್ಟ ಒಪ್ಪಿಗೆ ಬೇಕು.

ತುರ್ತಿನ ಮಾತು ಬೇರೆ. ಮಳೆ ಹಿಡಿದು ಕೊಳೆರೋಗ ಕಾಣಿಸಿದೆ, ಮಾಲೀಕರ ಫೋನ್ ಸಿಗುತ್ತಿಲ್ಲ ಎನ್ನಿ. ಸ್ವಂತ ತೋಟವಾಗಿದ್ದರೆ ವಿವೇಕಿಯೊಬ್ಬ ಏನು ಮಾಡುತ್ತಿದ್ದನೋ ಅದನ್ನು ಮಾಡಲು 189ನೇ ಕಲಂ ಬಿಡುತ್ತದೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ತಂದು, ಮಳೆ ಹೊಳವಾದ ಕೂಡಲೇ ಹೊಡೆಸಿ. ಕೊಳೆತ ಕಾಯಿಯ ಫೋಟೊ ತೆಗೆದಿಡಿ, ರಸೀದಿ ಎತ್ತಿಡಿ, ಅಂದೇ ಮೆಸೇಜು ಹಾಕಿ. ಮಾಲೀಕರನ್ನು ಸಂಪರ್ಕಿಸಲು ಪ್ರಯತ್ನಪಟ್ಟಿದ್ದೂ ನಿಮ್ಮ ಕರ್ತವ್ಯದ ಭಾಗವೇ, ಅದಕ್ಕೆ ಪುರಾವೆ ಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮರದ ವಿಷಯದಲ್ಲಿ. ತೋಟದ ಬೀಟೆ ಕಡಿಸಿ ಎಂದು ಮಾಲೀಕರೇ ಹೇಳಿದರೂ ಅರಣ್ಯ ಇಲಾಖೆಯ ಅನುಮತಿ ಪತ್ರ ಕಣ್ಣಾರೆ ನೋಡದೆ ಕೊಡಲಿ ಹಾಕಿಸಬೇಡಿ. ‘ಏನಾದರೂ ಆದರೆ ನಾನಿದ್ದೇನೆ’ ಎಂಬ ಭರವಸೆ ಇಲ್ಲಿ ನಡೆಯದು: ಅಪರಾಧ ಮಾಡಿಸಿದವರು ನಷ್ಟ ತುಂಬಿಕೊಡಬೇಕೆಂದು ಕೇಳಲು ಕರಾರು ಕಾಯ್ದೆಯ 224ನೇ ಕಲಂ ಅವಕಾಶ ಕೊಡುವುದಿಲ್ಲ.

ಲೆಕ್ಕದಲ್ಲಿ ಮಂಡಿಯ ಪಟ್ಟಿ (ಮಾರಾಟದ ಬಿಲ್ಲು) ಮಾಲೀಕರ ಹೆಸರಿಗೇ ಇರಲಿ. ಕೂಲಿ ಬಟವಾಡೆಗೆ ಸಹಿ ಹಾಕಿಸಿಕೊಳ್ಳಿ. ಲೆಕ್ಕ ಕೆಡುವುದು ಹೆಚ್ಚಾಗಿ ಉದುರಡಿಕೆಯಲ್ಲಿ, ಅಂದರೆ ತಾನಾಗಿ ಕೆಳಗೆ ಬಿದ್ದ ಅಡಿಕೆಯಲ್ಲಿ. ಯಾರೂ ಕೇಳುವುದಿಲ್ಲವೆಂದು ಮಾರಿಕೊಂಡರೆ ಆ ಹಣವನ್ನು ಮಾಲೀಕರು ವಸೂಲು ಮಾಡಬಹುದು. ನೌಕರನ ನಂಬಿಕೆದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿದೆ.

ಎಷ್ಟು ವರ್ಷ ತೋಟದ ಮನೆಯಲ್ಲಿದ್ದರೂ ಉಸ್ತುವಾರಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಮಾಲೀಕರು ತೀರಿಕೊಂಡ ಸುದ್ದಿ ತಿಳಿದಾಗ ಅಧಿಕಾರವೂ ಮುಗಿಯುತ್ತದೆ. ಹಾಗೆಂದು ಬಿಟ್ಟು ಹೋಗುವಂತಿಲ್ಲ: ಅಂಗಳದಲ್ಲಿ ಹರವಿದ ಅಡಿಕೆ ಎತ್ತಿಡಿಸಿ, ತೂಕ ಬರೆದು, ಉಗ್ರಾಣಕ್ಕೆ ಬೀಗ ಹಾಕಿ, ವಾರಸುದಾರರಿಗೆ ಕೀಲಿ ಮತ್ತು ಪುಸ್ತಕ ಒಪ್ಪಿಸಿ ಸಹಿ ಪಡೆಯಿರಿ.