ಮೋಟರಿನೊಳಗಿನ ಕಳ್ಳ ಬಿಸಿ ತಗ್ಗಿಸುವುದು ಹೇಗೆ?

ಇಲೆಕ್ಟ್ರಿಕ್ ಆಟೋ ಏರು ಹತ್ತಿ ನಿಂತಾಗ ಮೋಟರಿನ ಕವಚ ಮುಟ್ಟಿದರೆ ಬರೀ ಬೆಚ್ಚಗಿರಬಹುದು. ಒಳಗೆ ತಿರುಗುವ ಆಯಸ್ಕಾಂತದ ಕಥೆಯೇ ಬೇರೆ. ಸುತ್ತ ಗಾಳಿಯ ಸಂದು ಇರುವುದರಿಂದ ಅದರ ಬಿಸಿ ಸುಲಭವಾಗಿ ಹೊರಬರುವುದಿಲ್ಲ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಆಯಸ್ಕಾಂತಕ್ಕೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸೇ ಮಿತಿ.

ಸುರುಳಿಗಳ ಕರೆಂಟ್ ಹುಟ್ಟಿಸುವ ಕಾಂತಕ್ಷೇತ್ರದ ಮುಖ್ಯ ಅಲೆ ರೋಟರಿನ (ಆಯಸ್ಕಾಂತವಿರುವ ತಿರುಗುವ ಭಾಗದ) ಜೊತೆಜೊತೆಗೇ ಸುತ್ತುತ್ತದೆ, ಹಾಗಾಗಿ ಆಯಸ್ಕಾಂತವನ್ನು ಕಾಯಿಸುವುದಿಲ್ಲ. ಕಾಯಿಸುವುದು ಅದರ ಜೊತೆ ಬರುವ ಹಾರ್ಮೋನಿಕ್ಸ್, ಅಂದರೆ ಅದಕ್ಕಿಂತ ಐದು ಪಟ್ಟು, ಏಳು ಪಟ್ಟು ಒತ್ತೊತ್ತಾದ ಕಿರು ಅಲೆಗಳು. ಐದನೆಯದು ಹಿಮ್ಮುಖವಾಗಿ, ಏಳನೆಯದು ಮುಮ್ಮುಖವಾಗಿ ಸುತ್ತುತ್ತದೆ. ರೋಟರಿಗೆ ಎರಡೂ ಆರು ಪಟ್ಟು ಆವರ್ತನದಲ್ಲೇ ಬಡಿಯುತ್ತವೆ.

ಮೊದಲು ಕಳ್ಳ ಎಲ್ಲಿದ್ದಾನೆಂದು ನೋಡಿ. ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದಮಾಡಿ ಕೊಡುವ ಪೆಟ್ಟಿಗೆ) ಬಿಚ್ಚಿ, ಇನ್ನೊಂದು ಮೋಟರಿನಿಂದ ಶಾಫ್ಟ್ ತಿರುಗಿಸಿ, ಮೋಟರಿನ ಎರಡು ಫೇಸ್ ತಂತಿಗಳ ನಡುವಿನ ವೋಲ್ಟೇಜ್ ಅಲೆಯನ್ನು ಆಸಿಲೋಸ್ಕೋಪಿನಲ್ಲಿ (ಅಲೆಯ ಆಕಾರ ತೋರಿಸುವ ಉಪಕರಣದಲ್ಲಿ) ಹಿಡಿಯಿರಿ. (ತಿರುಗುವಾಗ ಆ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ, ಕೈ ಜೋಪಾನ.) ಅಲೆಯೇ ತಗ್ಗುದಿಣ್ಣೆಯಾಗಿದ್ದರೆ ದೋಷ ಮೋಟರಿನದು. ಅದು ನುಣುಪಾಗಿದ್ದು, ಲೋಡ್ ಕೊಟ್ಟಾಗ ಕರೆಂಟ್ ಮಾತ್ರ ಗರಗಸದಂತೆ ಕಂಡರೆ ಕಂಟ್ರೋಲರಿನದು.

ಮೋಟರಿನದಾದರೆ ನನ್ನ ಮೊದಲ ಆಯ್ಕೆ ವೈಂಡಿಂಗ್, ಅಂದರೆ ತಾಮ್ರದ ಸುರುಳಿ ಸುತ್ತುವ ಬಗೆ. ಒಂದು ಧ್ರುವಕ್ಕೆ 6 ಸ್ಲಾಟ್ (ಸುರುಳಿ ಕೂರುವ ಸೀಳು) ಇದ್ದರೆ, ಸುರುಳಿಯನ್ನು 1ರಿಂದ 7ಕ್ಕೆ ಹಾಕುವ ಬದಲು 1ರಿಂದ 6ಕ್ಕೆ ಹಾಕಿಸಿ. ಉಪಯುಕ್ತ ಅಲೆಯಲ್ಲಿ ಹೋಗುವುದು ಶೇ 3.4 ಮಾತ್ರ, ಐದನೆಯ, ಏಳನೆಯ ಹಾರ್ಮೋನಿಕ್ಸ್ ಸುಮಾರು ಕಾಲುಭಾಗಕ್ಕೆ ಇಳಿಯುತ್ತವೆ. ತಾಮ್ರವೂ ತುಸು ಉಳಿಯುತ್ತದೆ. ಒಂದೊಂದು ಹಲ್ಲಿಗೇ ಸುತ್ತಿರುವ ಸ್ಕೂಟರ್ ಹಬ್ ಮೋಟರಿಗೆ ಈ ಉಪಾಯ ನಡೆಯುವುದಿಲ್ಲ.

ಹೊಸದಾಗಿ ಮಾಡಿಸುವವರು ಸ್ಟಾಂಪಿಂಗ್ (ಸುರುಳಿ ಕೂರುವ ಪಂಚ್ ಮಾಡಿದ ತಗಡುಗಳು) ಕಡೆಗೂ ನೋಡಿ. ತಗಡು 0.5 ಮಿ.ಮೀ. ಬದಲು 0.35 ಆದರೆ ಸುಳಿ ವಿದ್ಯುತ್ತಿನ (ಬದಲಾಗುವ ಕಾಂತಕ್ಷೇತ್ರದಿಂದ ಲೋಹದೊಳಗೇ ಸುತ್ತಿ ಬಿಸಿ ಮಾಡುವ ಕರೆಂಟಿನ) ನಷ್ಟ ಹೆಚ್ಚುಕಡಿಮೆ ಅರ್ಧ. ಆದರೆ ಪಂಚ್ ಮಾಡಿದ ಅಂಚಿನ ಮೇಲೆ ಉಗುರು ಎಳೆಯಿರಿ: ತರಚಿದರೆ ಆ ಮುಳ್ಳುಗಳೇ ತಗಡಿಗೆ ತಗಡು ಶಾರ್ಟ್ ಮಾಡಿ, ತೆಳುವಿಗೆ ಕೊಟ್ಟ ದುಡ್ಡು ದಂಡ. ಆಯಸ್ಕಾಂತವನ್ನೂ ಒಂದೇ ಗಟ್ಟಿಯಾಗಿ ಕೂರಿಸದೆ ತುಂಡುಗಳಾಗಿ, ನಡುವೆ ವಿದ್ಯುತ್ ಹರಿಯದ ಅಂಟು ಹಾಕಿ ಜೋಡಿಸಬೇಕು.

ಇನ್ನು ಕಂಟ್ರೋಲರ್. ಒಂದು ಅಲೆಯಲ್ಲಿ ಕರೆಂಟನ್ನು ಆರೇ ಹೆಜ್ಜೆಗಳಲ್ಲಿ ಬದಲಿಸುವ ಅಗ್ಗದ ಮಾದರಿಯ ಚೌಕಾಕಾರದ ಕರೆಂಟಿನಲ್ಲಿ ಐದನೆಯದು ಮುಖ್ಯ ಅಲೆಯ ಶೇ 20, ಏಳನೆಯದು ಶೇ 14ರ ಹತ್ತಿರ ಇರುತ್ತದೆ. ನುಣುಪಾದ ಸೈನ್ ಅಲೆ ಕೊಡುವ ಕಂಟ್ರೋಲರ್ ಹಾಕಿದರೆ ಇದರ ಬಹುಪಾಲು ಹೋಗುತ್ತದೆ. ಸ್ವಿಚಿಂಗ್ ಆವರ್ತನವನ್ನು (ಕಂಟ್ರೋಲರ್ ಸೆಕೆಂಡಿಗೆ ಎಷ್ಟು ಬಾರಿ ಹಚ್ಚಿ ಆರಿಸುತ್ತದೆ ಎಂಬುದನ್ನು) 8 ಕಿಲೋಹರ್ಟ್ಸ್‌ನಿಂದ 16ಕ್ಕೆ ಏರಿಸಿದರೆ ಕರೆಂಟಿನ ಏರಿಳಿತ ಇನ್ನೂ ತಗ್ಗುತ್ತದೆ, ಆದರೆ ಹಚ್ಚಿ ಆರಿಸುವ ಮಾಸ್‌ಫೆಟ್ ಸ್ವಿಚ್ಚುಗಳು ಬಿಸಿಯೇರುತ್ತವೆ. ಹಾಗಾಗಿ ಅವುಗಳ ಬಿಸಿ ಹೊರಹಾಕುವ ಹೀಟ್‌ಸಿಂಕಿಗೂ ವೈಂಡಿಂಗಿಗೂ ಒಂದೊಂದು ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿಸಿಕೊಂಡು, ಎರಡೆರಡೇ ಕಿಲೋಹರ್ಟ್ಸ್ ಏರಿಸುತ್ತಾ ಹೋಗಿ.