ಅಥೆನ್ಸಿನ ಮಡಕೆಯನ್ನು ಎಂಟನೆಯ ತರಗತಿಗೆ ತಂದ ಬಗೆ

ಪ್ರೌಢಶಾಲೆಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ಮಾಡುವಾಗ ಗ್ರೀಸಿನ ಪಾಲಿಗೆ ಬರುವ ಅವಧಿಗಳು ಕಡಿಮೆ. ಆದರೂ ನಾನು ದೇವಾಲಯಗಳನ್ನೂ ಶಿಲ್ಪಗಳನ್ನೂ ಬೇಗ ಮುಗಿಸಿ ಮಡಕೆಗಳ ಬಳಿ ನಿಲ್ಲುತ್ತೇನೆ, ಏಕೆಂದರೆ ಪಾರ್ಥೆನಾನ್ ದೇವಾಲಯವನ್ನು ಮಕ್ಕಳ ಕೈಗೆ ಕೊಡಲು ಸಾಧ್ಯವಿಲ್ಲ, ಮಣ್ಣನ್ನು ಕೊಡಬಹುದು. ಈ ವಿಷಯಕ್ಕೆ ಸಾಮಾನ್ಯವಾಗಿ ಸೂಚಿಸುವ ಚಟುವಟಿಕೆಯೆಂದರೆ ಕಾಗದದ ಮೇಲೆ ಹೂಜಿಯ ಆಕಾರ ಬರೆದು ಕಿತ್ತಳೆ ಮತ್ತು ಕಪ್ಪು ಬಣ್ಣ ತುಂಬಿಸುವುದು. ಅದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಗ್ರೀಕರು ಮಡಕೆಗೆ ಕಪ್ಪು ಬಣ್ಣ ಬಳಿಯುತ್ತಿದ್ದರೆಂಬ ತಪ್ಪು ತಿಳಿವಳಿಕೆಯೊಂದೇ ಅದರಿಂದ ಮಗುವಿನಲ್ಲಿ ಉಳಿಯುತ್ತದೆ. ಅಥೆನ್ಸಿನ ಕೆರಮೈಕೋಸ್ ಕೇರಿಯ ಕುಂಬಾರರಿಗೆ ಆ ಕಪ್ಪು ದೊರೆಯುತ್ತಿದ್ದುದು ಆವಿಗೆಯ ಬೆಂಕಿಯಿಂದ. ನನ್ನ ಪಾಠದ ಬಹುಭಾಗವನ್ನು ಈ ಸಂಗತಿಯ ಸುತ್ತಲೇ ಕಟ್ಟಿಕೊಂಡಿದ್ದೇನೆ.

ಮೊದಲು ಆಕಾರ. ಹೆಸರು ಹೇಳದೆ ಪಾತ್ರೆಗಳ ಚಿತ್ರಗಳನ್ನಷ್ಟೇ ಹಂಚಿ, ಯಾವುದನ್ನು ಏತಕ್ಕೆ ಬಳಸುತ್ತಿದ್ದಿರಬಹುದೆಂದು ಕೇಳುತ್ತೇನೆ. ಪಕ್ಕಗಳಲ್ಲಿ ಎರಡು ಅಡ್ಡ ಹಿಡಿಗಳೂ ಹಿಂಬದಿಯಲ್ಲಿ ಒಂದು ನೆಟ್ಟನೆಯ ಹಿಡಿಯೂ ಇರುವ ಹೈಡ್ರಿಯಾ ನೀರಿನ ಪಾತ್ರೆಯೆಂಬುದನ್ನು ಮನೆಯಲ್ಲಿ ಕೊಡ ಹೊರುವ ಮಕ್ಕಳು ಬೇಗ ಗುರುತಿಸುತ್ತಾರೆ. ಎತ್ತುವುದಕ್ಕೆ ಎರಡು ಹಿಡಿ, ಬಗ್ಗಿಸುವುದಕ್ಕೆ ಒಂದು ಎಂಬುದನ್ನು ಅವರೇ ಕೈಯಾಡಿಸಿ ತೋರಿಸುತ್ತಾರೆ. ಅಗಲ ಬಾಯಿಯ ಕ್ರೇಟರ್ ಮಾತ್ರ ಅವರಿಗೆ ಒಗಟು. ಅದರಲ್ಲಿ ಗ್ರೀಕರು ದ್ರಾಕ್ಷಾಮದ್ಯಕ್ಕೆ ನೀರು ಬೆರೆಸುತ್ತಿದ್ದರೆಂದು ನಾನು ನೇರವಾಗಿಯೇ ಹೇಳುತ್ತೇನೆ. ಹಣ್ಣಿನ ರಸವೆಂದು ತೇಲಿಸಿಬಿಟ್ಟರೆ ಅಷ್ಟು ದೊಡ್ಡ ಪಾತ್ರೆ ಏಕೆ ಬೇಕಾಯಿತೆಂಬ ಪ್ರಶ್ನೆಗೆ ಉತ್ತರ ಉಳಿಯುವುದಿಲ್ಲ.

ಮುಂದಿನ ಕೆಲಸ ಮಣ್ಣಿನದು. ಕೆಂಪು ಜೇಡಿಮಣ್ಣನ್ನು ಪಾರದರ್ಶಕ ಬಾಟಲಿಯಲ್ಲಿ ನೀರಿನೊಡನೆ ಚೆನ್ನಾಗಿ ಕುಲುಕಿ, ಚಿಟಿಕೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಮರಳು ತಳಕ್ಕೆ ಇಳಿದು, ಅತಿ ನಯವಾದ ಮಣ್ಣು ಮೇಲಿನ ನೀರಿನಲ್ಲಿ ತೇಲುತ್ತ ಉಳಿಯುತ್ತದೆ. ಆ ನೀರನ್ನು ಬಗ್ಗಿಸಿಕೊಂಡು ಆರಿಸಿದಾಗ ಸಿಗುವ ಕೆನೆಯಂಥ ಮಣ್ಣನ್ನೂ ತಳದ ಮಣ್ಣನ್ನೂ ಮಕ್ಕಳು ಬೆರಳ ನಡುವೆ ಉಜ್ಜಿ ನೋಡುತ್ತಾರೆ. ಇಂಥದೇ ನಯವಾದ, ಕಬ್ಬಿಣಾಂಶವಿರುವ ಮಣ್ಣಿನಿಂದ ಅಥೆನ್ಸಿನವರು ಚಿತ್ರ ಬರೆಯುತ್ತಿದ್ದರು. ಬರೆಯುವಾಗ ಅದು ಕಪ್ಪಾಗಿ ಇರುತ್ತಿರಲಿಲ್ಲ.

ಕಪ್ಪಾಗುವ ಬಗೆಯನ್ನು ತಿಳಿಯಲು ಮಕ್ಕಳನ್ನು ಸಮೀಪದ ಕುಂಬಾರರ ಮನೆಗೆ ಕರೆದೊಯ್ಯುತ್ತೇನೆ. ಒಂದೇ ಮಣ್ಣಿನಿಂದ ಕೆಂಪು ಮಡಕೆಯೂ ಕರಿ ಮಡಕೆಯೂ ಹೇಗೆ ಬರುತ್ತವೆ ಎಂದು ಮಕ್ಕಳು ಕೇಳಿದಾಗ ಅಲ್ಲಿನ ಹಿರಿಯರು, "ಗಾಳಿ ಬಿಟ್ರೆ ಕೆಂಪು, ಹೊಗೆ ಕಟ್ಟಿದ್ರೆ ಕಪ್ಪು ಕಣ್ರಪ್ಪ" ಎಂದರು. ಅವರ ಮಡಕೆಯ ಕಪ್ಪು ಹೊಗೆಯ ಇಂಗಾಲದ್ದು. ಅಂಥ ಒಂದು ಕರಿ ಚೂರನ್ನು ಗಾಳಿಯಾಡುವ ಆವಿಗೆಯಲ್ಲಿ ಮತ್ತೆ ಸುಡಿಸಿದೆವು. ಅದು ಕೆಂಪಾಗಿ ಹೊರಬಂತು. ಹಾಗಾದರೆ ಅಥೆನ್ಸಿನ ಮಡಕೆಯಲ್ಲಿ ಕಪ್ಪು ಏಕೆ ಅಳಿಸಿಹೋಗಲಿಲ್ಲ? ತರಗತಿಯಲ್ಲಿ ಮೂರು ಹಂತದ ಸುಡುವಿಕೆಯನ್ನು ವಿವರಿಸಲು ಈ ಪ್ರಶ್ನೆಗಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ಮೊದಲ ಹಂತದಲ್ಲಿ ಗಾಳಿ ಬಿಟ್ಟು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಮಡಕೆಯೆಲ್ಲ ಕೆಂಪಾಗುತ್ತದೆ. ಆಮೇಲೆ ಗಾಳಿಗಂಡಿ ಮುಚ್ಚಿ, ಹಸಿ ಕಟ್ಟಿಗೆ ಹಾಕಿ ಕಾವನ್ನು 900 ಡಿಗ್ರಿಗೂ ಮೇಲಕ್ಕೆ ಏರಿಸಿದಾಗ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡು ಆಮ್ಲಜನಕವನ್ನು ಕಳೆದುಕೊಂಡು ಎಲ್ಲವೂ ಕಪ್ಪಾಗುತ್ತದೆ. ಅದೇ ಹೊತ್ತಿಗೆ ಚಿತ್ರ ಬರೆದ ನಯವಾದ ಮಣ್ಣು ಮೆತ್ತಗಾಗಿ ಬೆಸೆದುಕೊಂಡು ಗಾಜಿನಂಥ ಪದರವಾಗುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟಾಗ, ರಂಧ್ರಗಳಿರುವ ಬರಿಯ ಮೈ ಕೆಂಪಿಗೆ ಮರಳುತ್ತದೆ, ಗಾಳಿ ಹೊಗದ ಆ ಪದರ ಕಪ್ಪಾಗಿಯೇ ಉಳಿಯುತ್ತದೆ.

ಮೂರನೆಯ ಹಂತವನ್ನು ಶಾಲೆಯಲ್ಲಿಯೇ ತೋರಿಸಲು ಸುಲಭದ ದಾರಿಯಿದೆ. ಮಡಕೆ ಚೂರಿನ ಅರ್ಧಭಾಗಕ್ಕೆ ಕರಗಿದ ಮೇಣ ಸವರಿ ನೀರಿನಲ್ಲಿ ಅದ್ದಿದರೆ, ಬರಿಯ ಭಾಗ ನೀರು ಹೀರಿ ಗಾಢವಾಗುತ್ತದೆ, ಮೇಣದ ಮೇಲೆ ನೀರು ಹನಿಗಟ್ಟಿ ಜಾರುತ್ತದೆ. ನೀರಿನ ಜಾಗದಲ್ಲಿ ಗಾಳಿಯನ್ನು ಊಹಿಸಿಕೊಳ್ಳಿ ಎಂದರೆ ಸಾಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರ ಉತ್ಖನನದಲ್ಲಿ ಸಿಕ್ಕ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಮಡಕೆಗಳನ್ನು ನಾನು ನೆನಪಿಸುವುದು ಇಲ್ಲಿಯೇ. ವಿಧಾನ ಬೇರೆಯಾದರೂ, ಗಾಳಿಯನ್ನು ಬಿಟ್ಟು ಕಟ್ಟಿ ಬಣ್ಣವನ್ನು ಆಳುವ ವಿದ್ಯೆ ಅವುಗಳನ್ನು ಮಾಡಿದವರಿಗೂ ತಿಳಿದಿತ್ತು.

ಚಿತ್ರದ ಕೆಲಸಕ್ಕೆ ಇಷ್ಟೆಲ್ಲ ಆದ ಮೇಲೆಯೇ ಕೈ ಹಾಕುತ್ತೇನೆ. ಕಿತ್ತಳೆ ಬಣ್ಣದ ಹಾಳೆಯ ಮೇಲೆ ಕಪ್ಪು ಕ್ರೆಯಾನಿನಿಂದ ಆಕೃತಿ ತುಂಬಿ ಕೈವಾರದ ಮೊನೆಯಿಂದ ಗೀರಿದರೆ ಕರಿಚಿತ್ರ ಶೈಲಿ. ಆಕೃತಿಯನ್ನು ಹಾಗೆಯೇ ಬಿಟ್ಟು ಹಿನ್ನೆಲೆಗೆ ಕಪ್ಪು ತುಂಬಿ, ಒಳಗಿನ ಗೆರೆಗಳನ್ನು ಕುಂಚದಿಂದ ಎಳೆದರೆ ಕೆಂಪುಚಿತ್ರ ಶೈಲಿ. ಕಣ್ಣಿನ ರೆಪ್ಪೆಯನ್ನು ಎರಡೂ ಬಗೆಯಲ್ಲಿ ಬರೆಯಿಸಿದರೆ, ಕ್ರಿ.ಪೂ. 530ರ ಸುಮಾರಿಗೆ ಅಥೆನ್ಸಿನ ಕಲಾವಿದರು ಎರಡನೆಯದರ ಕಡೆ ಏಕೆ ತಿರುಗತೊಡಗಿದರೆಂಬುದು ಕೈಗೇ ತಿಳಿಯುತ್ತದೆ. ಆದರೂ ಮಕ್ಕಳ ಮೆಚ್ಚುಗೆ ಹೆಚ್ಚಾಗಿ ಕರಿಚಿತ್ರಕ್ಕೇ, ಅಥೆನ್ಸಿನ ಕುಂಬಾರ-ಚಿತ್ರಕಾರ ಎಕ್ಸೀಕಿಯಾಸ್ ರಚಿಸಿದ, ಈಗ ವ್ಯಾಟಿಕನ್ನಿನಲ್ಲಿರುವ ಆಂಫೊರಾದ (ಎರಡು ಹಿಡಿಗಳ ಹೂಜಿಯ) ದೆಸೆಯಿಂದ. ಅದರಲ್ಲಿ ಟ್ರಾಯ್ ಯುದ್ಧದ ಗ್ರೀಕ್ ವೀರರಾದ ಅಕಿಲೀಸನೂ ಏಜಾಕ್ಸನೂ ಈಟಿಗಳನ್ನು ಕೈಬಿಡದೆಯೇ ಆಟಕ್ಕೆ ಕುಳಿತಿದ್ದಾರೆ. ಒಬ್ಬನ ಬಾಯಿಯ ಬಳಿ "ನಾಲ್ಕು", ಇನ್ನೊಬ್ಬನ ಬಾಯಿಯ ಬಳಿ "ಮೂರು" ಎಂದು ಗ್ರೀಕಿನಲ್ಲಿ ಬರೆದಿದೆ. ಗೆಲ್ಲುತ್ತಿರುವವನು ಯಾರೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಒಡೆದ ಮಡಕೆಯನ್ನು ಜೋಡಿಸುವ ಆಟವನ್ನೂ ಆಡಿಸುತ್ತೇನೆ. ಅದಕ್ಕೆ ಮುನ್ನ, ಫ್ಲಾರೆನ್ಸಿನ ವಸ್ತುಸಂಗ್ರಹಾಲಯದಲ್ಲಿದ್ದ ಫ್ರಾಂಸ್ವಾ ಪಾತ್ರೆ ಎಂಬ ಅಥೆನ್ಸಿನ ಪ್ರಾಚೀನ ಕ್ರೇಟರಿನ ಮೇಲೆ 1900ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಸ್ಟೂಲು ಎಸೆದು ಅದನ್ನು 638 ಚೂರು ಮಾಡಿದ್ದನ್ನು ಹೇಳಿದರೆ ತಾಳ್ಮೆಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಚೂರುಗಳ ಅತ್ಯುತ್ತಮ ಉಪಯೋಗ ಮಾತ್ರ ಮತದಾನ. ಅಥೆನ್ಸಿನ ಪ್ರಜೆಗಳು ಊರಿನಿಂದ ಹೊರಗಿಡಬೇಕಾದವನ ಹೆಸರನ್ನು ಮಡಕೆ ಚೂರಿನ ಮೇಲೆ ಗೀರಿ ಮತ ಹಾಕುತ್ತಿದ್ದರು. ಕುಂಬಾರರಲ್ಲಿ ಬಿಸಾಡಿದ ಬೋಕಿಗಳನ್ನು ತಂದು, ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡಾಗಿಸಿ ಹಂಚುತ್ತೇನೆ. ಸಹಪಾಠಿಗಳ ಹೆಸರು ಬರೆಯಲು ಬಿಡುವುದಿಲ್ಲ. ಮಕ್ಕಳ ನಡುವೆ ಅದು ಕ್ರೂರವಾದೀತು. ಲಾರಿಯನ್ ಗಣಿಯ ಬೆಳ್ಳಿಯ ಹಣದಿಂದ ಹಡಗು ಕಟ್ಟಿಸೋಣವೆಂದ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸನ ಕಥೆಯನ್ನೂ ಅವನ ಎದುರಾಳಿ ಅರಿಸ್ಟೈಡೀಸನ ಕಥೆಯನ್ನೂ ಹೇಳಿ, ಇಬ್ಬರಲ್ಲಿ ಯಾರನ್ನು ಹತ್ತು ವರ್ಷ ಊರಿನಿಂದ ಹೊರಗಿಡಬೇಕೆಂದು ಮೊಳೆಯಿಂದ ಗೀರಿಸುತ್ತೇನೆ. ಎಣಿಸುವ ಮುನ್ನ, ಒಂದೇ ಕೈಬರಹದಲ್ಲಿ ಥೆಮಿಸ್ಟೊಕ್ಲೀಸನ ಹೆಸರು ಬರೆದಿಟ್ಟ ಕೆಲವು ಚೂರುಗಳನ್ನು ರಾಶಿಗೆ ಸೇರಿಸಿರುತ್ತೇನೆ. ಲೆಕ್ಕ ತಪ್ಪಿದಾಗ ಗದ್ದಲವೇಳುತ್ತದೆ. ಅಕ್ಷರಗಳನ್ನು ಹೋಲಿಸಿ ಅವರೇ ಅವನ್ನು ಹಿಡಿಯುತ್ತಾರೆ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ 1937ರಲ್ಲಿ ಥೆಮಿಸ್ಟೊಕ್ಲೀಸನ ಹೆಸರಿನ 190 ಚೂರುಗಳು ಸಿಕ್ಕವೆಂದೂ ಅವೆಲ್ಲ ಕೆಲವೇ ಕೈಗಳ ಬರಹವೆಂದೂ ಆಗ ತಿಳಿಸುತ್ತೇನೆ. ಅದು ಮೋಸವೋ, ಅಕ್ಷರ ಬಾರದವರಿಗಾಗಿ ಮೊದಲೇ ಬರೆದಿಟ್ಟದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿಯೂ ಇದೆ. ನೆರವಾಗುವುದೇ ಉದ್ದೇಶವಾಗಿದ್ದರೆ ಬೇರೆ ಹೆಸರಿನ ಚೂರುಗಳೂ ಅಲ್ಲಿ ಇರಬೇಕಿತ್ತಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಹಿಂದಿನ ಬೆಂಚಿನವನೊಬ್ಬ, ಬೇರೆಯವೆಲ್ಲ ಖರ್ಚಾಗಿ, ಉಳಿದವನ್ನಷ್ಟೇ ಬಾವಿಗೆ ಸುರಿದಿರಬಹುದೆಂದು ವಾದಿಸಿದ.