ಗಡಿ ದಾಟುವುದು ನೈಸರ್ಗಿಕ ಹಕ್ಕೇ? ಈ ಪ್ರಶ್ನೆಯಲ್ಲಿ ಸ್ವಂತ ನಿಲುವಿಗೆ ಬರುವ ಬಗೆ

ಗಡಿ ದಾಟಿ ಇನ್ನೊಂದು ದೇಶಕ್ಕೆ ಹೋಗುವುದು ಮನುಷ್ಯನ ನೈಸರ್ಗಿಕ ಹಕ್ಕೇ ಎಂಬ ವಿಷಯ ಕಾನೂನು ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಬರುತ್ತದೆ, ಪರೀಕ್ಷೆಯ ಪ್ರಬಂಧಗಳಲ್ಲಿ ಬರುತ್ತದೆ, ವೀಸಾ ನಿಯಮ ಬದಲಾದಾಗ ಮನೆಯ ಮಾತುಕತೆಯಲ್ಲೂ ಬರುತ್ತದೆ. ಹೌದೆನ್ನುವವರು ಭೂಮಿ ಎಲ್ಲರದು ಎಂದು ಆರಂಭಿಸುತ್ತಾರೆ, ಅಲ್ಲವೆನ್ನುವವರು ದೇಶದ ಸಾರ್ವಭೌಮತ್ವದಿಂದ ಆರಂಭಿಸುತ್ತಾರೆ, ಕೊನೆಯವರೆಗೂ ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಮುಟ್ಟುವುದೇ ಇಲ್ಲ. ಇದನ್ನು ಬಿಡಿಸಿಕೊಂಡು ತಾವೇ ಒಂದು ತೀರ್ಮಾನಕ್ಕೆ ಬರಬೇಕೆನ್ನುವವರಿಗೆ ನೆರವಾಗುವ ಕ್ರಮವೊಂದನ್ನು ಇಲ್ಲಿ ಹೇಳುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮರೆಮಾಡಿಲ್ಲ. ಅದನ್ನು ಒಪ್ಪದವರೂ ಇದೇ ಕ್ರಮದಲ್ಲಿ ಬೇರೆ ನಿಲುವನ್ನು ತಲುಪಬಹುದು.

ಮೊದಲ ಕೆಲಸವೆಂದರೆ ಪ್ರಶ್ನೆಯನ್ನು ಒಡೆಯುವುದು. ಸಂಚಾರ ಸ್ವಾತಂತ್ರ್ಯವೆಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ: ಇರುವ ದೇಶದಿಂದ ಹೊರಡುವುದು, ಬೇರೆ ದೇಶವನ್ನು ಪ್ರವೇಶಿಸುವುದು, ಅಲ್ಲಿ ನೆಲೆಸುವುದು, ಸ್ವದೇಶಕ್ಕೆ ಹಿಂತಿರುಗುವುದು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯನ್ನು ನಿಧಾನವಾಗಿ ಓದಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಪ್ರತಿಯೊಬ್ಬರಿಗೂ ತಾವಿರುವ ರಾಷ್ಟ್ರದ ಎಲ್ಲೆಯೊಳಗೆ ಓಡಾಡುವ ಹಕ್ಕಿದೆ. ತಮ್ಮದೂ ಸೇರಿದಂತೆ ಯಾವುದೇ ದೇಶವನ್ನು ಬಿಟ್ಟು ಹೊರಡುವ ಹಕ್ಕಿದೆ, ತಮ್ಮ ದೇಶಕ್ಕೆ ಮರಳುವ ಹಕ್ಕಿದೆ. ಬೇರೆ ದೇಶವನ್ನು ಪ್ರವೇಶಿಸುವ ಹಕ್ಕು ಮಾತ್ರ ಅಲ್ಲಿಲ್ಲ. 14ನೇ ವಿಧಿಯೂ ಕಿರುಕುಳದಿಂದ ಪಾರಾಗಲು ಆಶ್ರಯ ಕೋರುವ ಹಕ್ಕನ್ನು ಹೇಳುತ್ತದೆಯೇ ಹೊರತು ಆಶ್ರಯ ಕೊಡುವ ಹೊಣೆಯನ್ನು ಯಾವ ದೇಶದ ಮೇಲೂ ಹೊರಿಸುವುದಿಲ್ಲ. ಎಲ್ಲ ದೇಶಗಳೂ ಬಾಗಿಲು ಮುಚ್ಚಿದರೆ ಹೊರಡುವ ಹಕ್ಕಿಗೆ ಅರ್ಥವೇನು ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ.

ಎರಡನೆಯದಾಗಿ, ನೈಸರ್ಗಿಕ ಹಕ್ಕು ಎಂದರೆ ಯಾವುದೆಂದು ಗೆರೆ ಹಾಕಿಕೊಳ್ಳಿ. ಸರ್ಕಾರ ಕೊಟ್ಟದ್ದರಿಂದ ಬಂದ ಹಕ್ಕಲ್ಲ, ಮನುಷ್ಯನಾಗಿ ಹುಟ್ಟಿದ್ದರಿಂದಲೇ ಬಂದ, ಸರ್ಕಾರ ಮನ್ನಿಸಬೇಕಾದ ಹಕ್ಕು ಎಂಬ ಅರ್ಥ ಸಾಕು. ನಮ್ಮ ಸಂವಿಧಾನದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಭಾರತದೊಳಗೆ ಎಲ್ಲೆಡೆ ಸಂಚರಿಸುವ, ನೆಲೆಸುವ ಹಕ್ಕನ್ನು 19ನೇ ವಿಧಿ ನಾಗರಿಕರಿಗೆ ಮಾತ್ರ ಕೊಡುತ್ತದೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ ಯಾವುದೇ ವ್ಯಕ್ತಿಗೆ, ಅಂದರೆ ವಿದೇಶಿಯರಿಗೂ, ಅನ್ವಯಿಸುತ್ತದೆ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದೇಶಕ್ಕೆ ಹೋಗುವ ಹಕ್ಕನ್ನು ಈ 21ನೇ ವಿಧಿಯಲ್ಲಿಯೇ ಕಂಡಿತು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಕೊಡುವುದೂ ಹಿಂಪಡೆಯುವುದೂ ಕಾನೂನಿನ ಆಧಾರವಿಲ್ಲದೆ ಸರ್ಕಾರದ ಇಚ್ಛೆಯಂತೆ ನಡೆಯುತ್ತಿತ್ತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು ಈ ತೀರ್ಪಿನ ಫಲ. ಆದರೂ ಕಾನೂನಿನಲ್ಲಿದೆ ಎಂದ ಮಾತ್ರಕ್ಕೆ ಅದು ನೈಸರ್ಗಿಕ ಹಕ್ಕಾಗುವುದಿಲ್ಲ, ಕಾನೂನಿನಲ್ಲಿಲ್ಲ ಎಂದ ಮಾತ್ರಕ್ಕೆ ಅಲ್ಲವಾಗುವುದೂ ಇಲ್ಲ. ತೀರ್ಪಿನ ತೀರ್ಮಾನಕ್ಕಿಂತ ಅದರ ಕಾರಣಗಳೇ ನಮಗೆ ಬೇಕಾದವು.

ಈಗ ನಾಲ್ಕರಲ್ಲಿ ಸುಲಭವಾದದ್ದನ್ನು, ಅಂದರೆ ಹೊರಡುವ ಹಕ್ಕನ್ನು, ತೆಗೆದುಕೊಳ್ಳಿ. 1977ರ ಜುಲೈನಲ್ಲಿ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸಾರ್ವಜನಿಕ ಹಿತದ ಹೆಸರಿನಲ್ಲಿ ವಶಕ್ಕೆ ಪಡೆಯಲು ನಿರ್ಧರಿಸಿತು. ಕಾರಣ ಕೇಳಿದರೆ, ಕಾರಣ ತಿಳಿಸದಿರುವುದೂ ಸಾರ್ವಜನಿಕ ಹಿತಕ್ಕಾಗಿಯೇ ಎಂದು ಉತ್ತರಿಸಿತು. 1978ರ ಜನವರಿ 25ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು, ಸ್ವಾತಂತ್ರ್ಯವನ್ನು ಕಸಿಯುವ ವಿಧಾನ ಕಾನೂನಿನಲ್ಲಿ ಬರೆದಿದ್ದರೆ ಸಾಲದು, ಅದು ನ್ಯಾಯವೂ ಯುಕ್ತವೂ ಆಗಿರಬೇಕು, ಬಾಧಿತರ ಮಾತನ್ನು ಕೇಳಬೇಕು ಎಂದಿತು. ಅಹವಾಲು ಕೇಳುವುದಾಗಿ ಸರ್ಕಾರ ಭರವಸೆ ಕೊಟ್ಟದ್ದರಿಂದ ಆದೇಶವನ್ನೇನೂ ಕೋರ್ಟ್ ರದ್ದು ಮಾಡಲಿಲ್ಲ. ಇಲ್ಲಿಂದ ನೀವು ಎತ್ತಿಕೊಳ್ಳಬೇಕಾದ ತತ್ವ ಇಷ್ಟು: ಹೊರಡುವವನು ತಾನೇಕೆ ಹೊರಡುತ್ತೇನೆಂದು ಸಮರ್ಥಿಸಿಕೊಳ್ಳಬೇಕಿಲ್ಲ, ತಡೆಯುವವರು ಏಕೆ ತಡೆಯುತ್ತೇವೆಂದು ಹೇಳಬೇಕು. 1961ರಿಂದ 1989ರವರೆಗೆ ಬರ್ಲಿನ್ ನಗರದ ನಡುವೆ ನಿಂತಿದ್ದ ಗೋಡೆಯನ್ನು ಇಂದು ಸಮರ್ಥಿಸುವವರು ಸಿಗುವುದು ಕಷ್ಟ. ಪ್ರಜೆಯು ಸರ್ಕಾರದ ಸ್ವತ್ತಲ್ಲವೆಂದು ಒಪ್ಪುವವರು ಹೊರಡುವುದು ನೈಸರ್ಗಿಕ ಹಕ್ಕೆಂದು ಒಪ್ಪಲೇಬೇಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಈ ತತ್ವವನ್ನು ಹತ್ತಿರದ ಉದಾಹರಣೆಗೆ ಹಚ್ಚಿ ನೋಡದೆ ಮುಂದೆ ಹೋಗಬೇಡಿ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದ ಭಾರತೀಯರು ಗಲ್ಫ್ ರಾಷ್ಟ್ರಗಳೂ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಅಂತಹ ಮಹಿಳೆಯರಿಗೆ 30 ವರ್ಷವೂ ತುಂಬಿರಬೇಕೆಂಬ ನಿಯಮ ಬಂತು. ಉದ್ದೇಶ ಒಳ್ಳೆಯದು, ಏಜೆಂಟರ ಮೋಸದಿಂದ, ಅಲ್ಲಿನ ಮಾಲೀಕರ ದೌರ್ಜನ್ಯದಿಂದ ಕಾಪಾಡುವುದು. ಆದರೂ ಉಡುಪಿಯಿಂದಲೋ ಭಟ್ಕಳದಿಂದಲೋ ದುಬೈಗೆ ಹೊರಟ ಎಂಜಿನಿಯರನನ್ನು ಯಾರೂ ಕೇಳುವುದಿಲ್ಲ, ಅದೇ ವಿಮಾನದ ಗಾರೆ ಕೆಲಸದವನು ಮಾತ್ರ ಅಪ್ಪಣೆ ತರಬೇಕು. ಹಕ್ಕು ಹುಟ್ಟಿನಿಂದ ಬರುವುದಾದರೆ ಅಂಕಪಟ್ಟಿ ನೋಡಿ ಅಳೆಯುವುದು ಸಲ್ಲದು. ರಕ್ಷಣೆಯ ಭಾರವನ್ನು ಏಜೆಂಟನ ಮೇಲೂ ಮಾಲೀಕನ ಮೇಲೂ ಹೊರಿಸಬೇಕೇ ಹೊರತು ಕಾರ್ಮಿಕನ ಮೇಲಲ್ಲ.

ಪ್ರವೇಶದ ಪ್ರಶ್ನೆ ನಿಜವಾಗಿ ಕಠಿಣವಾದದ್ದು, ಹೆಚ್ಚು ಸಮಯವನ್ನು ಇದಕ್ಕೇ ಕೊಡಿ. ಒಂದು ಪ್ರಕರಣವನ್ನು ಪೂರ್ತಿಯಾಗಿ ಓದಿಕೊಂಡರೆ ಹತ್ತು ಸಿದ್ಧಾಂತಗಳನ್ನು ಓದಿದಷ್ಟು ಉಪಯೋಗವಿದೆ, ಮತ್ತು ಕೊಮಗಾತ ಮಾರು ಹಡಗಿನ ಪ್ರಕರಣಕ್ಕಿಂತ ಉತ್ತಮವಾದುದು ನನಗೆ ತಿಳಿದಿಲ್ಲ. ಗುರ್ದಿತ್ ಸಿಂಗ್ ಬಾಡಿಗೆಗೆ ಪಡೆದ ಈ ಜಪಾನೀ ಹಡಗು 376 ಪ್ರಯಾಣಿಕರೊಡನೆ 1914ರ ಮೇ 23ರಂದು ಕೆನಡಾದ ವ್ಯಾಂಕೂವರ್ ತಲುಪಿತು. ಪ್ರಯಾಣಿಕರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾದ ತಮಗೆ ಸಾಮ್ರಾಜ್ಯದ ಯಾವ ಭಾಗಕ್ಕೂ ಹೋಗುವ ಹಕ್ಕಿದೆ ಎಂಬುದು ಅವರ ವಾದ. ಕೆನಡಾದ ನಿಯಮ ಎಲ್ಲಿಯೂ ಭಾರತೀಯರೆಂಬ ಹೆಸರನ್ನೆತ್ತಿರಲಿಲ್ಲ. ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ಇಳಿಯದೆ ನೇರವಾಗಿ ಪ್ರಯಾಣಿಸಿ ಬಂದಿರಬೇಕು, ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು ಎಂದಷ್ಟೇ ಹೇಳುತ್ತಿತ್ತು. ಭಾರತದಿಂದ ನೇರ ಪ್ರಯಾಣದ ಟಿಕೆಟ್ ಸಿಗುತ್ತಲೇ ಇರಲಿಲ್ಲ. ಎರಡು ತಿಂಗಳು ಹಡಗನ್ನು ಬಂದರಿನಲ್ಲಿ ತಡೆದಿಟ್ಟರು, ಅನ್ನ ನೀರಿಗೂ ತತ್ವಾರವಾಯಿತು. ಎಲ್ಲರ ಪ್ರಶ್ನೆಗೂ ಉತ್ತರ ಸಿಗಲೆಂದು ಮಾದರಿ ಪ್ರಕರಣವಾಗಿ ಪ್ರಯಾಣಿಕರಲ್ಲೊಬ್ಬರಾದ ಮುನ್ಷಿ ಸಿಂಗ್ ಸಲ್ಲಿಸಿದ ಅರ್ಜಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಕೆಲವೇ ಮಂದಿಗೆ, ಹೆಚ್ಚಾಗಿ ಮೊದಲೇ ಅಲ್ಲಿ ನೆಲೆಸಿದ್ದು ಮರಳಿ ಬಂದವರಿಗೆ, ಇಳಿಯಲು ಬಿಟ್ಟರು. ಉಳಿದವರನ್ನು ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹೊರಗಟ್ಟಿದರು. ಸೆಪ್ಟೆಂಬರ್ 29ರಂದು ಕಲ್ಕತ್ತದ ಸಮೀಪದ ಬಜ್‌ಬಜ್‌ನಲ್ಲಿ ಇಳಿದಾಗ ನಡೆದ ಗೋಲಿಬಾರಿನಲ್ಲಿ ಸುಮಾರು 20 ಮಂದಿ ಸತ್ತರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ ತಿಂಗಳಿನಲ್ಲಿ.

ಈ ಪ್ರಕರಣವನ್ನು ಇಟ್ಟುಕೊಂಡು ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲಿ ಅನ್ಯಾಯವಾದದ್ದು ಎಲ್ಲಿ? ಬಾಗಿಲು ಮುಚ್ಚಿದ್ದೇ ಅನ್ಯಾಯವೆಂದರೆ ನೀವು ಪ್ರವೇಶವನ್ನು ನೈಸರ್ಗಿಕ ಹಕ್ಕೆಂದು ಒಪ್ಪಿದಂತೆ. ಯೂರೋಪಿನವರಿಗೆ ತೆರೆದ ಬಾಗಿಲನ್ನು ಬಣ್ಣ ನೋಡಿ ಮುಚ್ಚಿದ್ದು, ಅದನ್ನೂ ನೇರವಾಗಿ ಹೇಳದೆ ಪೂರೈಸಲಾಗದ ಷರತ್ತಿನ ಹಿಂದೆ ಅಡಗಿಸಿದ್ದು ಅನ್ಯಾಯವೆಂದರೆ, ನೀವು ಒಪ್ಪಿದ್ದು ತಾರತಮ್ಯವಿಲ್ಲದ, ಕಾರಣ ಸಹಿತ ಉತ್ತರ ಪಡೆಯುವ ಹಕ್ಕನ್ನು. ಇವೆರಡೂ ಒಂದೇ ಅಲ್ಲ. ನನಗೆ ಎರಡನೆಯದು ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಹಳೆಯ ಚಿಂತಕರನ್ನು ಉಲ್ಲೇಖಿಸುವಾಗ, ಆ ವಾದ ಯಾರ ಕೈಗೆ ಯಾವ ಅಸ್ತ್ರ ಕೊಟ್ಟಿತೆಂಬುದನ್ನೂ ನೋಡಿ. 1539ರಲ್ಲಿ ಸ್ಪೇನಿನ ಸಲಮಾಂಕದಲ್ಲಿ ಫ್ರಾನ್ಸಿಸ್ಕೊ ದ ವಿಟೋರಿಯ, ಹಾನಿ ಮಾಡದವರೆಗೆ ಅನ್ಯ ನಾಡಿನಲ್ಲಿ ಸಂಚರಿಸುವುದೂ ತಂಗುವುದೂ ಎಲ್ಲರ ಸಹಜ ಹಕ್ಕೆಂದು ವಾದಿಸಿದರು. ಕೇಳಲು ಉದಾರವಾದ ಈ ಮಾತು ಸ್ಪೇನಿನವರು ಅಮೆರಿಕ ಖಂಡದ ಮೂಲನಿವಾಸಿಗಳ ನೆಲಕ್ಕೆ ಕಾಲಿಡುವುದನ್ನೂ, ತಡೆದರೆ ಯುದ್ಧ ಮಾಡುವುದನ್ನೂ ಸಮರ್ಥಿಸಲು ಒದಗಿತು. 1795ರಲ್ಲಿ ಇಮ್ಯಾನುಯೆಲ್ ಕಾಂಟ್ ಇದನ್ನು ಕಂಡೇ ಹಕ್ಕನ್ನು ಕಿರಿದುಗೊಳಿಸಿದರು: ಬಂದವನನ್ನು ಶತ್ರುವೆಂದು ಕಾಣಬಾರದು, ಅವನ ಜೀವಕ್ಕೆ ಕುತ್ತು ಬರುವಂತಿದ್ದರೆ ಹಿಂದಕ್ಕೆ ಕಳಿಸಬಾರದು, ಅದಕ್ಕಿಂತ ಹೆಚ್ಚಿನದನ್ನು, ನೆಲೆಸುವುದನ್ನು, ಹಕ್ಕೆಂದು ಕೇಳುವಂತಿಲ್ಲ. ಯೂರೋಪಿಯನ್ ವ್ಯಾಪಾರಿಗಳನ್ನು ದೂರವಿಟ್ಟ ಚೀನಾ ಮತ್ತು ಜಪಾನ್ ವಿವೇಕದಿಂದ ವರ್ತಿಸಿದವೆಂದೂ ಅವರು ಬರೆದರು.

ಎದುರು ಪಕ್ಷದ ವಾದವನ್ನು ಅದರ ಬಲವಾದ ರೂಪದಲ್ಲಿಯೇ ಎದುರಿಸಿ. ಕೆಲಸ ಕಸಿಯುತ್ತಾರೆ ಎಂಬ ಮಾತು ಅದರ ದುರ್ಬಲ ರೂಪ. ಬಲವಾದ ರೂಪ ತ್ರಿಪುರದಲ್ಲಿದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಜನಸಂಖ್ಯೆಯ ಅರ್ಧದಷ್ಟಿದ್ದ ಬುಡಕಟ್ಟು ಜನರು, ದೇಶವಿಭಜನೆಯ ಆಚೀಚೆ ಪೂರ್ವ ಬಂಗಾಳದಿಂದ ಜನ ಬಂದ ಮೇಲೆ, ಈಗ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಬಂದವರಲ್ಲಿ ಬಹಳಷ್ಟು ಮಂದಿ ಜೀವ ಉಳಿಸಿಕೊಳ್ಳಲು ಓಡಿಬಂದವರು, ಅವರದು ತಪ್ಪಲ್ಲ. ಇದ್ದವರ ನೋವೂ ಸುಳ್ಳಲ್ಲ. ಒಂದು ಸಣ್ಣ ಸಮುದಾಯ ತನ್ನ ನೆಲದಲ್ಲಿ ತನ್ನ ಭಾಷೆಯೊಡನೆ ಉಳಿಯುವುದೂ ಒಂದು ಹಕ್ಕಾದರೆ, ನೆಲೆಸುವ ಹಕ್ಕಿಗೆ ಮಿತಿ ಇರಲೇಬೇಕು.

ಮಿತಿಗೂ ಮಿತಿಯಿದೆ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆದರೂ 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರಿಗೆ ಬೈಲುಕುಪ್ಪೆಯಲ್ಲಿ ಕಾಡು ಕಡಿದು ಬೇಸಾಯ ಮಾಡಲು ಜಮೀನು ಸಿಕ್ಕಿತು, ಮುಂದೆ ಮುಂಡಗೋಡಿನಲ್ಲಿಯೂ ಸಿಕ್ಕಿತು. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ನಾಗರಿಕರಾಗಿರಲಿ ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಕಾಯುವುದು ರಾಜ್ಯದ ಹೊಣೆ ಎಂದಿತು. ನೆಲೆಸಿ ತಲೆಮಾರು ಕಳೆದವರ ಪ್ರಶ್ನೆ ಇನ್ನೂ ಬೇರೆ: 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯ ಪ್ರಜೆಗಳೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಬೇಕಾಯಿತು. ಅಪಾಯದಿಂದ ಓಡಿಬಂದವರನ್ನು ಮತ್ತೆ ಅದೇ ಅಪಾಯಕ್ಕೆ ದೂಡಬಾರದೆಂಬುದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ನೈಸರ್ಗಿಕ ಹಕ್ಕಿನ ಸಾಲಿಗೆ ಸೇರಿಸುತ್ತೇನೆ.

ಇಷ್ಟಾದ ಮೇಲೆ ನಿಮ್ಮ ನಿಲುವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ, ಹೊರಡುವುದು, ಪ್ರವೇಶಿಸುವುದು, ನೆಲೆಸುವುದು, ಮರಳುವುದು, ಒಂದೊಂದಕ್ಕೆ ಒಂದು ವಾಕ್ಯದಂತೆ. ಆಮೇಲೆ ಪ್ರತಿ ವಾಕ್ಯದಲ್ಲಿಯೂ ದೇಶ ಎಂದಿರುವಲ್ಲಿ ರಾಜ್ಯ ಎಂದಿಟ್ಟು ಓದಿ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ನೀಡಿ, ವಿರೋಧ ಬಂದ ಬಳಿಕ ತಡೆಹಿಡಿದಾಗ, ಕೇಳಿಬಂದ ಕಾರಣಗಳು ಉದ್ಯೋಗ ಮತ್ತು ಭಾಷೆಗೆ ಸಂಬಂಧಿಸಿದವು. ವಿದೇಶಿಯರನ್ನು ತಡೆಯಲು ಜಗತ್ತಿನೆಲ್ಲೆಡೆ ಕೊಡುವ ಕಾರಣಗಳೂ ಬಹುಮಟ್ಟಿಗೆ ಅವೇ. ಬಿಹಾರದಿಂದ ಬೆಂಗಳೂರಿಗೆ ಬರುವವನನ್ನು ತಡೆಯಲು ಆ ಕಾರಣಗಳು ಸಾಲವೆಂದು ನೀವು ಹೇಳುವುದಾದರೆ, ಢಾಕಾದಿಂದ ಬರುವವನನ್ನು ತಡೆಯಲು ಸಾಲುವಂತೆ ಮಾಡುವ ಹೆಚ್ಚಿನ ಅಂಶ ಯಾವುದು, ಒಂದೇ ಸರ್ಕಾರವೇ, ಒಂದೇ ಮತದಾರರ ಪಟ್ಟಿಯೇ, ಒಂದೇ ಖಜಾನೆಯೇ ಎಂಬುದನ್ನು ಹೆಸರಿಟ್ಟು ಬರೆಯಿರಿ. ಹಾಗೆ ಹೆಸರಿಸಲು ಆಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ ಹೊಸದಾಗಿ ಬರೆಯಬೇಕು.